ದುಡ್ಡು ಕೊಟ್ಟು ‘ಬೇರೆ ಕಡೆ ಹೋಗಿ’ ಅಂದರೆ ತಪ್ಪೇನು?

ಹೊರಗಿನಿಂದ ಬಂದ ಅಲ್ಪಸಂಖ್ಯಾತರಿಗೆ ಕೆಲವು ದೇಶಗಳು ಹಣ ಕೊಟ್ಟು ವಾಪಸ್ ಕಳಿಸುತ್ತವೆ, ಕುತ್ತಿಗೆ ಹಿಡಿದೇನೂ ದಬ್ಬಲ್ಲ, ಇಷ್ಟ ಇದ್ದವರು ಹೋಗ್ತಾರೆ, ಇದರಲ್ಲಿ ತಪ್ಪೇನು ಅಂತ ಕೇಳಿದ್ದೀರಿ. ನಾನು ಬಾಗಲಕೋಟೆಯವನು, ಅಂದರೆ ಮುಳುಗಡೆ ಊರಿನವನು. ಪರಿಹಾರ ತಗೊಂಡು ಮನೆ ಬಿಟ್ಟವರ ನಡುವೆಯೇ ಬೆಳೆದೆ.

ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ನಮ್ಮ ಅಜ್ಜನ ಮನೆ ಹೋಯಿತು. ಪಕ್ಕದ ಚಾಚಾ ಅವರದೂ ಹೋಯಿತು. ಓಣಿಗೆ ಓಣಿಯೇ, ಮುಳುಗಡೆಯಾದವರಿಗೆ ಅಂತ ಕಟ್ಟಿದ ನವನಗರಕ್ಕೆ ಬಂತು. ಪರಿಹಾರ ಸಾಲದು ಅಂತ ಅಜ್ಜ ಕೋರ್ಟಿಗೆ ಅಲೆದರು, ಸಾಯೋವರೆಗೂ ಬೈಯುತ್ತಲೇ ಇದ್ದರು. ನಮಗೆ ‘ಒಲ್ಲೆ’ ಅನ್ನೋಕೆ ದಾರಿಯೇ ಇರಲಿಲ್ಲ, ಅದು ಬಲವಂತವೇ. ಆದರೂ ಪಟ್ಟಿ ಮಾಡಿದ್ದು ನೀರಿನ ಮಟ್ಟ ನೋಡಿ. ಅಜ್ಜ ಯಾರು, ಚಾಚಾ ಯಾರು ಅಂತ ನೋಡಿ ಅಲ್ಲ.

ನೀವು ಕೇಳಿದ್ದು ಇದರ ಉಲ್ಟಾ. ಅಲ್ಲಿ ಬಲವಂತ ಕಡಿಮೆ, ಪಟ್ಟಿ ಮಾತ್ರ ಆಳು ನೋಡಿ ಮಾಡಿದ್ದು. ಪಶ್ಚಿಮ ಜರ್ಮನಿ 1983ರಲ್ಲಿ ಕೆಲಸ ಕಳೆದುಕೊಂಡ ತುರ್ಕಿ ಮುಂತಾದ ದೇಶಗಳ ಕಾರ್ಮಿಕರಿಗೆ 10,500 ಮಾರ್ಕ್, ಮಗುವಿಗೆ 1,500 ಜಾಸ್ತಿ ಅಂದಿತು. ಆದರೆ ಕುಟುಂಬ ಸಮೇತ ಹೋಗಬೇಕು. ಅಲ್ಲೇ ಹುಟ್ಟಿ ಅಲ್ಲಿನ ಶಾಲೆಗೆ ಹೋಗುತ್ತಿದ್ದ ಹುಡುಗನನ್ನು ಯಾರು ಕೇಳಿದರು? ಸ್ವೀಡನ್ ಆಶ್ರಯ ಪಡೆದವರಿಗೆ ಕೊಡುತ್ತಿದ್ದ 10,000 ಕ್ರೋನಾವನ್ನು 2026ರಿಂದ 3,50,000ಕ್ಕೆ ಏರಿಸಿದೆ. ಊರಿನ ನೆನಪಾಗಿ ನಿಜವಾಗಲೂ ಹೊರಟವನಿಗೆ ಇದು ಒಳ್ಳೆಯದೇ, ಸುಮ್ನೆ ಬೈಯಲಾರೆ. ಇಸ್ರೇಲ್ 2018ರಲ್ಲಿ ಆಶ್ರಯ ಕೇಳಿ ಬಂದಿದ್ದ ಎರಿಟ್ರಿಯಾ, ಸುಡಾನಿನವರಿಗೆ 3,500 ಡಾಲರ್ ಹಿಡಿದು ದೇಶ ಬಿಡಿ, ಇಲ್ಲದಿದ್ದರೆ ಜೈಲು ಅಂದಿತ್ತಲ್ಲ, ಅದನ್ನು ಆಯ್ಕೆ ಅನ್ನೋಕಾಗಲ್ಲ.

ಜೈಲಿನ ಮಾತು ಇಲ್ಲದಿದ್ದರೂ ನನಗೆ ಚುಚ್ಚೋದು ದುಡ್ಡು ಬೇಡ ಅಂದವನ ಪಾಡು. ಮರುದಿನ ಅವನು ಅದೇ ಕಿರಾಣಿ ಅಂಗಡಿಗೆ ಹೋಗಬೇಕು, ಅದೇ ಮಾಲೀಕನ ಹತ್ತಿರ ಬಾಡಿಗೆ ಮನೆ ಕೇಳಬೇಕು. ಅಷ್ಟು ಕೊಡ್ತೀವಿ ಅಂದರೂ ಹೋಗಲಿಲ್ಲ ನೋಡು, ಅನ್ನೋ ಮಾತು ಹಿಂದೆ ಬರುತ್ತೆ. ಮೊತ್ತ ದೊಡ್ಡದಾದಷ್ಟೂ ಆ ಮಾತು ಜೋರಾಗುತ್ತೆ, ಅಲ್ವಾ?

ನವನಗರದಲ್ಲಿ ಚಾಚಾ ಅವರಿಗೆ ಸಿಕ್ಕ ಸೈಟು ನಮ್ಮದಕ್ಕಿಂತ ಎರಡು ಸೆಕ್ಟರ್ ಆಚೆ. ಅಜ್ಜ ಬೈಯೋದನ್ನು ಕೇಳೋಕೆ ಅವರು ದಿನಾ ಸಂಜೆ ಸೈಕಲ್ ಮೇಲೆ ಬರುತ್ತಿದ್ದರು, ತಾವೂ ಸೇರಿಕೊಂಡು ಬೈದು, ಚಹಾ ಕುಡಿದು ಹೋಗುತ್ತಿದ್ದರು.