ಮ್ಯೂಸಿಯಂನಲ್ಲಿ ಕರಡು ತಿದ್ದುವ ಸ್ವಯಂಸೇವೆ: ಎಚ್-4ನಲ್ಲಿ ಬಂದವರಿಗೆ

ನಮಸ್ಕಾರ. ಮೈಸೂರಿನ ಪ್ರಕಾಶನ ಸಂಸ್ಥೆಯಲ್ಲಿ ಕರಡು ತಿದ್ದುತ್ತಿದ್ದವರು ಈಗ ಎಚ್-4 ವೀಸಾದಲ್ಲಿ (ಎಚ್-1ಬಿಯಂಥ ಕೆಲಸದ ವೀಸಾ ಇರುವವರ ಸಂಗಾತಿ, ಮಕ್ಕಳಿಗೆ ಸಿಗುವ ವೀಸಾ) ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಬಂದಿದ್ದೀರಿ. ಇಲ್ಲಿನ ಕಲಾ ಮ್ಯೂಸಿಯಂನಲ್ಲಿ ಸಂಬಳವಿಲ್ಲದೆ ಅದೇ ಕೆಲಸ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ವೀಸಾದ ಮಾತು ಮೊದಲು ಮುಗಿಸೋಣ.

ಇಎಡಿ, ಅಂದರೆ ಅಮೆರಿಕದಲ್ಲಿ ಕೆಲಸ ಮಾಡಲು ಸರ್ಕಾರ ಕೊಡುವ ಅನುಮತಿ ಪತ್ರ, ಇಲ್ಲದಿರುವಾಗ ‘ದುಡ್ಡು ತಗೊಳ್ಳೋದಿಲ್ಲವಲ್ಲ’ ಎಂಬ ಸಮಾಧಾನವೊಂದೇ ಸಾಲದು. ಸಂಸ್ಥೆ ಲಾಭರಹಿತವಾಗಿರಬೇಕು. ಆ ಕೆಲಸವನ್ನು ಅಲ್ಲಿ ಮಾಮೂಲಾಗಿ ಸ್ವಯಂಸೇವಕರೇ ಮಾಡುತ್ತಿರಬೇಕು. ಭತ್ಯೆ, ಗಿಫ್ಟ್ ಕಾರ್ಡ್, ಮುಂದೆ ನೌಕರಿ ಕೊಡುವ ಭರವಸೆ ಯಾವುದೂ ಇರಕೂಡದು. ತೊಡಕು ಇರುವುದು ಇಲ್ಲೇ: ದೊಡ್ಡ ಮ್ಯೂಸಿಯಂಗಳ ಪ್ರಕಟಣಾ ವಿಭಾಗದ ಸಂಪಾದಕರು ಸಂಬಳದ ನೌಕರರು. ಅವರ ಕುರ್ಚಿಯ ಕೆಲಸವನ್ನು ನೀವು ಬಿಟ್ಟಿ ಮಾಡಿಕೊಟ್ಟರೆ ಅದು ಅನಧಿಕೃತ ಉದ್ಯೋಗ ಎನಿಸಬಹುದು. ಡೋಸೆಂಟ್‌ಗಳ (ಸಂದರ್ಶಕರಿಗೆ ಕಲಾಕೃತಿಗಳನ್ನು ವಿವರಿಸುವ ಸ್ವಯಂಸೇವಕರ) ಟಿಪ್ಪಣಿ, ಸ್ವಯಂಸೇವಕರ ಸುದ್ದಿಪತ್ರ, ಗ್ರಂಥಾಲಯದ ಪಟ್ಟಿ ಇಂಥವು ಸಾಮಾನ್ಯವಾಗಿ ಸುರಕ್ಷಿತ. ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ಬರಹದಲ್ಲಿ ಪಡೆದು, ಒಪ್ಪುವ ಮೊದಲು ವಲಸೆ ವಕೀಲರಿಗೆ ಒಮ್ಮೆ ತೋರಿಸಿ.

ಮ್ಯೂಸಿಯಂಗಳ ಸ್ವಯಂಸೇವಕರ ಪುಟದಲ್ಲಿ ‘ಕರಡು ತಿದ್ದುವವರು ಬೇಕು’ ಎಂದು ಬರೆದಿರುವುದು ಅಪರೂಪ. ಮಾಹಿತಿ ಕಟ್ಟೆಗೋ ಡೋಸೆಂಟ್ ತರಬೇತಿಗೋ ಸೇರಿಕೊಂಡು ಒಳಗಿನಿಂದ ಕೇಳುವುದು ಒಂದು ದಾರಿ. ಊರಿನ ಸಣ್ಣ ಮ್ಯೂಸಿಯಂ ಇನ್ನೂ ಒಳ್ಳೆಯ ದಾರಿ. ಅಲ್ಲಿ ಎಲ್ಲವನ್ನೂ ಇಬ್ಬರೋ ಮೂವರೋ ತೂಗಿಸುತ್ತಿರುತ್ತಾರೆ, ಇನ್ನೊಂದು ಜೊತೆ ಕಣ್ಣು ಅವರಿಗೆ ನಿಜವಾಗಿಯೂ ಬೇಕು. ಅಷ್ಟರೊಳಗೆ ಮನೆಯಲ್ಲೇ ಕೂತು ಸ್ಮಿತ್‌ಸೋನಿಯನ್‌ನ ಟ್ರಾನ್ಸ್‌ಕ್ರಿಪ್ಷನ್ ಸೆಂಟರ್‌ನಲ್ಲಿ ಕೈ ಪಳಗಿಸಿಕೊಳ್ಳಿ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ಕಲಾವಿದರ ಪತ್ರ, ದಿನಚರಿಗಳನ್ನು ಒಬ್ಬ ಸ್ವಯಂಸೇವಕ ಟೈಪ್ ಮಾಡುತ್ತಾನೆ, ಇನ್ನೊಬ್ಬ ಪರಿಶೀಲಿಸುತ್ತಾನೆ. ಆ ಪರಿಶೀಲನೆ ನಿಮ್ಮ ಕಸುಬೇ.

ಈಗ ಕೆಲಸದ ತಿರುಳು. ಗೋಡೆಯ ಮೇಲಿನ ಲೇಬಲ್ ಸಣ್ಣದು, ತಪ್ಪು ಹೆಚ್ಚು ನುಸುಳುವುದೂ ಅಲ್ಲೇ. ಕಲಾವಿದರ ಹೆಸರು, ಶೀರ್ಷಿಕೆ, ಕಾಲ, ಮಾಧ್ಯಮ, ಅಳತೆ, ಕೊಡುಗೆಯ ಸಾಲು (ವಸ್ತುವನ್ನು ಕೊಟ್ಟವರ ಹೆಸರಿರುವ ಸಾಲು), ಅಕ್ಸೆಷನ್ ನಂಬರ್ (ಸಂಗ್ರಹಕ್ಕೆ ಸೇರಿದಾಗ ವಸ್ತುವಿಗೆ ಕೊಟ್ಟ ಸಂಖ್ಯೆ): ಒಂದೊಂದನ್ನೂ ಮ್ಯೂಸಿಯಂನ ದಾಖಲೆಯ ಪಕ್ಕದಲ್ಲಿಟ್ಟು ಓದಬೇಕು. ಅಂಕಿಗಳಿಗೆಂದೇ ಒಂದು ಸುತ್ತು ಬೇರೆ ಇರಲಿ. ವಾಕ್ಯದ ಅರ್ಥ ಹಿಡಿದು ಓಡುವ ಕಣ್ಣು ಅಂಕಿಯ ಮೇಲೆ ನಿಲ್ಲುವುದಿಲ್ಲ. ಅಳತೆಯಲ್ಲಿ ಎತ್ತರ, ಅಗಲ, ಆಳ ಎಂಬ ಕ್ರಮ ರೂಢಿ. ಇಂಚನ್ನು 2.54ರಿಂದ ಗುಣಿಸಿ ನೋಡಿ. 25.5 ಇಂಚಿಗೆ 64.8 ಸೆಂ.ಮೀ. ಬರಬೇಕು, 68.4 ಎಂದಿದ್ದರೆ ಅಂಕಿಗಳು ಅದಲುಬದಲಾಗಿವೆ. ಆದರೂ ನೀವೇ ತಿದ್ದಬೇಡಿ, ತಪ್ಪಿರುವುದು ಇಂಚಿನಲ್ಲೂ ಇರಬಹುದು. ಪಿಡಿಎಫ್‌ನಲ್ಲಿ ಟಿಪ್ಪಣಿ ಹಾಕಿ ಪ್ರಶ್ನೆ ಕೇಳಿ. ಕೊಡುಗೆಯ ಸಾಲಿನಲ್ಲಂತೂ ಅಲ್ಪವಿರಾಮ ವಿಚಿತ್ರವೆನಿಸಿದರೂ ಕೈ ಹಚ್ಚಬಾರದು. ದಾನಿಗಳೊಂದಿಗಿನ ಒಪ್ಪಂದದಲ್ಲಿರುವ ಪದಗಳೇ ಅಲ್ಲಿ ಬರಬೇಕು.

ಕಾಗುಣಿತ, ವಿರಾಮಚಿಹ್ನೆಗಳಿಗೆ ಅಮೆರಿಕದ ಮ್ಯೂಸಿಯಂಗಳಲ್ಲಿ ಹೆಚ್ಚಾಗಿ ಶಿಕಾಗೋ ಮ್ಯಾನ್ಯುಯಲ್ ಎಂಬ ಶೈಲಿ ಕೈಪಿಡಿಯೇ ಆಧಾರ. 2024ರಲ್ಲಿ ಅದರ 18ನೇ ಆವೃತ್ತಿ ಬಂದಿದೆ. ಆದರೆ ಮ್ಯೂಸಿಯಂಗೆ ತನ್ನದೇ ಶೈಲಿಪಟ್ಟಿ ಇದ್ದರೆ ಅದರ ಮಾತೇ ಕೊನೆಯದು. ಮೊದಲ ದಿನವೇ ಅದನ್ನು ಕೇಳಿ ತೆಗೆದುಕೊಳ್ಳಿ. ನಮಗೆ ರೂಢಿಯಾದ ಬ್ರಿಟಿಷ್ ಕಾಗುಣಿತವೂ ದಿನ-ತಿಂಗಳ ಕ್ರಮವೂ ಇಲ್ಲಿ ಪದೇ ಪದೇ ಕಾಲಿಗೆ ತೊಡರುತ್ತವೆ.

ಕನ್ನಡ ಬಲ್ಲವರಿಂದ ಮ್ಯೂಸಿಯಂಗೆ ನಿಜವಾದ ಉಪಯೋಗವಾಗುವುದು ನಮ್ಮ ಕಡೆಯ ವಸ್ತುಗಳಲ್ಲಿ. ಹೊಯ್ಸಳ ಶಿಲ್ಪಗಳು ಅಮೆರಿಕದ ಹಲವು ಸಂಗ್ರಹಗಳಲ್ಲಿವೆ. ಒಂದು ಲೇಬಲ್‌ನಲ್ಲಿ ಹಳೇಬೀಡು, ಇನ್ನೊಂದರಲ್ಲಿ ಹಳೇಬಿದ್, ಮತ್ತೊಂದರಲ್ಲಿ ದ್ವಾರಸಮುದ್ರ ಎಂದಿದ್ದರೆ ಮೂರೂ ಒಂದೇ ಊರು ಎಂದು ತಿಳಿಸುವವರು ಬೇಕು. ನಾವು ಬಳಪದ ಕಲ್ಲು ಎನ್ನುವುದನ್ನು ಒಂದು ಕಡೆ ಶಿಸ್ಟ್, ಇನ್ನೊಂದು ಕಡೆ ಸೋಪ್‌ಸ್ಟೋನ್ ಎಂದು ಬರೆದಿದ್ದರೆ ಅದೂ ಕ್ಯುರೇಟರ್‌ಗೆ, ಅಂದರೆ ಸಂಗ್ರಹದ ಹೊಣೆ ಹೊತ್ತ ತಜ್ಞರಿಗೆ, ಹೋಗಬೇಕಾದ ಪ್ರಶ್ನೆ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಊರಿನ ಹೆಸರು ಮೈಸೂರು ಎಂದೇ ಅಧಿಕೃತವಾಗಿದೆ ಎಂದುಕೊಂಡು ಎಲ್ಲ ‘ಮೈಸೋರ್’ಗಳನ್ನೂ ಒಂದೇ ಏಟಿಗೆ ಬದಲಿಸಿದರೆ ಚಿತ್ರಶೈಲಿಯ ಹೆಸರು, ಹಳೆಯ ಪುಸ್ತಕದ ಶೀರ್ಷಿಕೆ, ಕೊಡುಗೆಯ ಸಾಲು ಎಲ್ಲವೂ ಕೆಡುತ್ತವೆ. ಒಂದೊಂದನ್ನೂ ನೋಡಿಯೇ ನಿರ್ಧರಿಸಬೇಕು.

ಪುಟವಿನ್ಯಾಸದ ನಂತರ ಇನ್ನೊಮ್ಮೆ ಓದಲೇಬೇಕು. ರೋಮನ್ ಲಿಪಿಯಲ್ಲಿ ಕೃಷ್ಣ ಎಂದು ಬರೆಯುವಾಗ ಅಕ್ಷರದ ಕೆಳಗೆ ಬರುವ ಚುಕ್ಕೆಗಳು ಫಾಂಟ್ ಬದಲಾದಾಗ ಮಾಯವಾಗುತ್ತವೆ, ಇಲ್ಲವೇ ಚೌಕಗಳಾಗುತ್ತವೆ. ಕನ್ನಡ ಲಿಪಿಯ ಸಾಲು ಇದ್ದರಂತೂ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿರಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ವಿನ್ಯಾಸಕಾರರಿಗೆ ಕನ್ನಡ ಬಾರದಿದ್ದರೆ ಅದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಲೇಬಲ್‌ಗಳನ್ನು ನಿಜ ಗಾತ್ರದಲ್ಲೇ ಮುದ್ರಿಸಿಕೊಂಡು ಓದಿ. ಪರದೆಯ ಮೇಲೆ ಹಿಗ್ಗಿಸಿ ನೋಡುವಾಗ ಸಾಲಿನ ಕೊನೆಯ ಒಡಕುಗಳು ತಪ್ಪಿಹೋಗುತ್ತವೆ.

ಮೊದಲ ಪತ್ರ ಒಂದೇ ಪುಟದಲ್ಲಿ ಮುಗಿಯಲಿ: ಹಿಂದೆ ತಿದ್ದಿದ ಪುಸ್ತಕಗಳ ಬಗೆ, ಬಲ್ಲ ಭಾಷೆಗಳು, ವಾರದಲ್ಲಿ ಕೊಡಬಲ್ಲ ಗಂಟೆಗಳು. ಅವರ ಗ್ಯಾಲರಿಯಲ್ಲಿ ಹುಡುಕಿದ ತಪ್ಪುಗಳ ಪಟ್ಟಿಯನ್ನು ಲಗತ್ತಿಸಬೇಡಿ, ಓದುವವರ ಮನಸ್ಸು ಅಲ್ಲೇ ಮುಚ್ಚಿಕೊಳ್ಳುತ್ತದೆ. ದೊಡ್ಡ ಪ್ರದರ್ಶನ ತೆರೆಯುವ ಹಿಂದಿನ ವಾರಗಳಲ್ಲಿ ಬರೆದರೆ ಉತ್ತರ ಬರುವುದು ಕಷ್ಟ. ತೆರೆದು ಒಂದೆರಡು ವಾರವಾದ ಮೇಲೆ ಬರೆಯಿರಿ.