ಊದಿದ್ದೂ ಅಲ್ಲ, ಬಳಿದದ್ದೂ ಅಲ್ಲ

ಪ್ರಶ್ನೆ: ಸರ್, ನಮ್ಮದು ಬಿದರಿ ಕೆಲಸದ ಮನೆ. ಮೊಬೈಲಿನಲ್ಲಿ ಪ್ರಾಚೀನ ಗ್ರೀಕರ ಸುಗಂಧದೆಣ್ಣೆ ಸೀಸೆಯ ಚಿತ್ರ ನೋಡಿದೆ. ಕಡುನೀಲಿ ಗಾಜು, ಅದರ ಮೇಲೆ ಹಳದಿ, ಬಿಳಿ ಅಂಕುಡೊಂಕು ಗೆರೆ. ಗಾಜು ಊದಿ ಮಾಡಿದ್ದು ಅಂತಾನೆ ನಮ್ಮಣ್ಣ. ಗೆರೆ ಆಮೇಲೆ ಬಣ್ಣದಲ್ಲಿ ಬರೆದದ್ದು ಅಂತ ನಾನು. ಯಾರದು ಸರಿ? ಒಳಗೆ ಇದ್ದದ್ದು ಅತ್ತರೇನಾ?
– ಓದುಗಳು, ಬೀದರ್

ಉತ್ತರ: ಇಬ್ಬರದೂ ತಪ್ಪು ತಂಗಿ. ಗಾಜು ಊದುವುದು ಶುರುವಾದದ್ದೇ ಕ್ರಿ.ಪೂ. 1ನೇ ಶತಮಾನದಲ್ಲಿ, ಸಿರಿಯಾ–ಪ್ಯಾಲೆಸ್ತೀನ್ ಕಡೆ. ನೀವು ನೋಡಿದಂಥ ಸೀಸೆಗಳು ಕ್ರಿ.ಪೂ. 6ನೇ ಶತಮಾನದಿಂದಲೇ ಇವೆ. ಗ್ರೀಕರ ರೋಡ್ಸ್ ದ್ವೀಪದಲ್ಲಿ ಜಾಸ್ತಿ ತಯಾರಾಗುತ್ತಿದ್ದವು ಎಂದು ವಿದ್ವಾಂಸರ ಊಹೆ.

ಮಾಡುತ್ತಿದ್ದದ್ದು ಹೀಗೆ. ಲೋಹದ ಸಲಾಕೆಯ ತುದಿಗೆ ಮಣ್ಣು, ಮರಳು, ಸಗಣಿಯಂಥದ್ದು ಕಲಸಿ ಸೀಸೆಯ ಆಕಾರದ ಒಂದು ಮುದ್ದೆ. ಅದರ ಮೇಲೆ ಕರಗಿದ ನೀಲಿ ಗಾಜು. ಅದು ಬಿಸಿಯಿರುವಾಗಲೇ ಹಳದಿ, ಬಿಳಿ ಗಾಜಿನ ಎಳೆ ಸುತ್ತಬೇಕು. ಎಳೆ ಗಟ್ಟಿಯಾಗುವ ಮುಂಚೆ ಮೊನೆಯಿಂದ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆದರೆ ಅಂಕುಡೊಂಕು. ಒಂದೇ ಕಡೆಗೆ ಎಳೆದರೆ ತೋರಣದ ಹಾಗೆ. ಆಮೇಲೆ ನುಣುಪಾದ ಕಲ್ಲಿನ ಮೇಲೆ ಹೊರಳಿಸಿದರೆ ಎಳೆ ನೀಲಿಯೊಳಗೇ ಕೂತುಬಿಡುತ್ತದೆ. ನಿಮ್ಮ ಮನೆಯಲ್ಲಿ ಲೋಹ ತಣ್ಣಗಾದ ಮೇಲೆ ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ, ಅಲ್ವಾ? ಇಲ್ಲಿ ಆ ವ್ಯವಧಾನವೇ ಇಲ್ಲ. ಹಾಗಾಗಿಯೇ ಹತ್ತಿರದಿಂದ ನೋಡಿದರೆ ಗೆರೆಗಳು ಎಲ್ಲೋ ಒಂದು ಕಡೆ ತಪ್ಪಿರುತ್ತವೆ. ನನಗೆ ಇಷ್ಟವಾಗುವುದೂ ಅದೇ.

ಹಿಡಿ, ಬಾಯಿ ಅಂಟಿಸಿ, ನಿಧಾನವಾಗಿ ಆರಿಸಿ, ಕೊನೆಗೆ ಒಳಗಿನ ಮಣ್ಣನ್ನು ಕೆರೆದು ತೆಗೆಯುತ್ತಿದ್ದರು. ಪೂರ್ತಿ ಬರುತ್ತಿರಲಿಲ್ಲ. ಒಳಗೋಡೆ ಇವತ್ತಿಗೂ ಒರಟು.

ನೀಲಿ ಬಂದದ್ದು ಕೋಬಾಲ್ಟಿನಿಂದ. ಹಳದಿಗೆ ಸೀಸ ಮತ್ತು ಆಂಟಿಮನಿ.

ಇನ್ನು ಎಣ್ಣೆ. ನಮ್ಮ ಕಲಬುರಗಿಯಲ್ಲಿ ಬಂದೇನವಾಜ್ ದರ್ಗಾದ ಹತ್ತಿರ ಹತ್ತಿಗೆ ಅದ್ದಿ ಕಿವಿಗೆ ಇಟ್ಟುಕೊಳ್ಳುತ್ತಾರಲ್ಲ, ಆ ಅತ್ತರಿನ ಹಳೇ ಪದ್ಧತಿಯೇ ಬೇರೆ. ಹೂವನ್ನು ಬೇಯಿಸಿ, ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸುತ್ತಾರೆ. ಗ್ರೀಕರು ಹಾಗೆ ಬಟ್ಟಿ ಇಳಿಸುತ್ತಿರಲಿಲ್ಲ. ಹೂವು, ಬೇರು, ಸೊಪ್ಪನ್ನು ಎಣ್ಣೆಯಲ್ಲೇ ನೆನೆಹಾಕಿ, ಹದವಾಗಿ ಬಿಸಿ ಮಾಡಿ ವಾಸನೆ ಹಿಡಿಸುತ್ತಿದ್ದರು. ಆಲಿವ್ ಎಣ್ಣೆ ಒಂದೇ ಅಲ್ಲ. ಅರಿಸ್ಟಾಟಲನ ಶಿಷ್ಯ ತಿಯೋಫ್ರಾಸ್ಟಸ್ ವಾಸನೆಗಳ ಬಗ್ಗೆಯೇ ಒಂದು ಕೃತಿ ಬರೆದ. ಗುಲಾಬಿಯ ಪರಿಮಳವನ್ನು ಚೆನ್ನಾಗಿ ಹಿಡಿಯುವುದು ಎಳ್ಳೆಣ್ಣೆ ಅನ್ನುತ್ತಾನೆ! ಸುಗಂಧವನ್ನು ನೆರಳಲ್ಲಿ, ತಂಪಾಗಿ ಇಡಬೇಕು ಅಂತಲೂ ಹೇಳುತ್ತಾನೆ. ಅದಕ್ಕೆ ಅಲಬಾಸ್ಟರ್ ಕಲ್ಲಿನ ಕುಪ್ಪಿ ಒಳ್ಳೆಯದಂತೆ. ನೀಳವಾದ ಗಾಜಿನ ಸೀಸೆಗೆ ಅಲಬಾಸ್ಟ್ರಾನ್ ಅಂತ ಹೆಸರು ಬಂದದ್ದು ಆ ಕಲ್ಲಿನ ಕುಪ್ಪಿಯಿಂದಲೇ.

ಸೀಸೆ ಸಾಮಾನ್ಯವಾಗಿ ಸುಮಾರು 10 ಸೆಂ.ಮೀ. ಎತ್ತರ, ಅಷ್ಟೇ. ಕತ್ತು ಸಣ್ಣದು, ಎಣ್ಣೆ ಹನಿಹನಿಯಾಗಿ ಬರಲಿ ಅಂತ. ಬಾಯಿಯ ಅಂಚು ತಟ್ಟೆಯ ಹಾಗೆ ಅಗಲ, ಅದರಿಂದಲೇ ಮೈಗೆ ಸವರಬಹುದು. ಸತ್ತವರ ಜೊತೆ ಗೋರಿಯಲ್ಲೂ ಇಡುತ್ತಿದ್ದರು. ಇಷ್ಟೊಂದು ಸೀಸೆಗಳು ಒಡೆಯದೆ ಉಳಿದದ್ದು ಹಾಗಾಗಿಯೇ.

ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಎರಡೂ ಇವುಗಳ ಚಿತ್ರ ಹಾಕಿವೆ. ಅಣ್ಣನಿಗೆ ಬಾಯಿ ಮುರಿದ ಸೀಸೆಯ ಚಿತ್ರ ಹುಡುಕಿ ತೋರಿಸಿ. ಆ ಒರಟು ಒಳಗೋಡೆ ನೋಡಿದ ಮೇಲೆ ಊದಿದ್ದು ಅಂತ ಹಟ ಹಿಡಿಯಲಾರ.