ಸ್ಕ್ಯಾನ್ ಮಾಡಿದ ಪ್ರತಿ ಪುಟದಲ್ಲೂ ಉದ್ದಕ್ಕೆ ಗೆರೆ: ಸೆನ್ಸರ್ ಹೋಗಿದೆಯಾ, ಡ್ರೈವರ್ ತಪ್ಪಾ?

ಲಿನಕ್ಸ್‌ನಲ್ಲಿ ಸೇನ್ (SANE) ಅನ್ನೋ ಸ್ಕ್ಯಾನರ್ ತಂತ್ರಾಂಶದ ಜೆನೆಸಿಸ್ (genesys) ಬ್ಯಾಕೆಂಡ್, ಅಂದರೆ ಡ್ರೈವರ್, ಬಳಸುತ್ತಿದ್ದೀರಿ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಯಾವ ಪುಟ ಇಟ್ಟರೂ ಅದೇ ಜಾಗದಲ್ಲಿ ಗೆರೆ ಬರುತ್ತಿದೆ ಅಂದಿದ್ದೀರಿ. ಡ್ರೈವರಿನ ಕೋಡ್‌ಗೆ ಕೈ ಹಾಕೋ ಮುಂಚೆ ಕ್ಯಾಲಿಬ್ರೇಶನ್ ಚಿತ್ರವನ್ನು, ಅಂದರೆ ಸೆನ್ಸರನ್ನು ಹದ ಮಾಡಿಕೊಳ್ಳಲು ಡ್ರೈವರ್ ಮೊದಲು ತೆಗೆಯುವ ಚಿತ್ರವನ್ನು, ಕಣ್ಣಾರೆ ನೋಡಿ. ನಾನು ಇದೇ ತೊಂದರೆಗೆ ಎರಡು ವಾರ ಸುಮ್ನೆ ಕೋಡ್ ಓದುತ್ತಾ ಕೂತಿದ್ದೆ.

ಸ್ಕ್ಯಾನರಿನ ತಲೆ ಹೊರಡುವ ತುದಿಯಲ್ಲಿ, ಗಾಜಿನ ಅಂಚಿನ ಕೆಳಗೆ, ಒಂದು ಬಿಳಿ ಪಟ್ಟಿ ಇರುತ್ತದೆ. ಡ್ರೈವರ್ ಮೊದಲು ಲೈಟ್ ಆರಿಸಿ ಕಪ್ಪು ಮಟ್ಟ ಅಳೆಯುತ್ತದೆ, ಆಮೇಲೆ ಲೈಟ್ ಹಚ್ಚಿ ಆ ಪಟ್ಟಿಯನ್ನು ಓದುತ್ತದೆ. ಸೆನ್ಸರಿನ ಒಂದೊಂದು ಕಣ್ಣಿಗೂ (ಬೆಳಕು ಅಳೆಯುವ ಒಂದೊಂದು ಬಿಂದುವಿಗೂ) ಎಷ್ಟು ತಿದ್ದಬೇಕು ಅನ್ನೋ ಲೆಕ್ಕ ಇದರಿಂದಲೇ ಬರುತ್ತದೆ. ಪುಟದ ಒಂದು ಕಂಬಸಾಲನ್ನು ಪೂರ್ತಿ ಓದುವುದು ಒಂದೇ ಕಣ್ಣು. ಹಾಗಾಗಿ ಒಂದು ಕಣ್ಣಿನ ಲೆಕ್ಕ ತಪ್ಪಿದರೆ ಪುಟದ ಮೇಲಿಂದ ಕೆಳಗಿನವರೆಗೂ ಗೆರೆ.

ಪಟ್ಟಿಯ ಮೇಲೆ ಧೂಳಿನ ಕಣ ಕೂತಿದೆ ಅಂದುಕೊಳ್ಳಿ. ಅಲ್ಲಿ 50000 ಬರಬೇಕಾದ ಬೆಲೆ 40000 ಬರುತ್ತದೆ. ಈ ಕಣ್ಣು ಮಂದ ಅಂತ ಡ್ರೈವರ್ ನಂಬಿ ಅದು ಓದಿದ ಬೆಲೆಯನ್ನು ಜಾಸ್ತಿ ಮಾಡುತ್ತದೆ. ಪುಟದಲ್ಲಿ ಅಲ್ಲಿ ಧೂಳಿಲ್ಲ, ಅಲ್ವಾ? ಅದಕ್ಕೇ ಒಂಟಿ ಬಿಳಿ ಗೆರೆ.

ಬಿಳಿ ಗೆರೆಯ ಪಕ್ಕದಲ್ಲೇ ಒಂದು ಕಪ್ಪು ಗೆರೆಯೂ ಇದ್ದು, ಅಂಥ ಜೋಡಿಗಳು ಎಷ್ಟೋ ಕಡೆ ಕಂಡು, ಪ್ರತಿ ಜೋಡಿಯಲ್ಲೂ ಬಿಳಿ-ಕಪ್ಪಿನ ನಡುವೆ ಅಷ್ಟೇ ಅಂತರ ಇದ್ದರೆ ಕಥೆ ಬೇರೆ. ಮಂದ ಕಣ್ಣಿಗೆ ಸೇರಬೇಕಾದ ತಿದ್ದುಪಡಿ ಪಕ್ಕದ ಒಳ್ಳೆ ಕಣ್ಣಿಗೆ ಬಿದ್ದಿದೆ. ಮಂದ ಕಣ್ಣು ಕಪ್ಪಾಗಿಯೇ ಉಳಿಯಿತು, ಒಳ್ಳೆಯದು ಬೆಳ್ಳಗಾಯಿತು. ಇದು ಡ್ರೈವರಿನದೇ ತಪ್ಪು. ನಿಮ್ಮ ಮಾಡೆಲ್‌ನ ಸೆನ್ಸರ್ ಟೇಬಲ್‌ನಲ್ಲಿ (ಡ್ರೈವರ್ ಕೋಡ್‌ನ ಸೆನ್ಸರ್ ವಿವರಗಳ ಪಟ್ಟಿ) ಪಿಕ್ಸೆಲ್ ಆಫ್‌ಸೆಟ್, ಅಂದರೆ ಎಷ್ಟು ಪಿಕ್ಸೆಲ್ ಸರಿಸಬೇಕು ಅನ್ನೋ ಅಂಕಿ, ನೋಡಿ. ಒಂದು ಜೋಡಿಯ ಬಿಳಿ, ಕಪ್ಪು ಗೆರೆಗಳ ನಡುವೆ ಎಷ್ಟು ಪಿಕ್ಸೆಲ್ ಇದೆ ಅಂತ ಎಣಿಸಿದರೆ ಎಷ್ಟು ಸರಿದಿದೆ ಅಂತ ಗೊತ್ತಾಗುತ್ತದೆ.

ಕ್ಯಾಲಿಬ್ರೇಶನ್ ಚಿತ್ರ ಪಡೆಯೋದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಪ್ರೋಗ್ರಾಂ ಓಡಿಸುವ ಮುಂಚೆ ಟರ್ಮಿನಲ್‌ನಲ್ಲಿ ಕೊಡುವ ಸೆಟ್ಟಿಂಗ್‌ಗಳು) ಇವೆ. ಸೇನ್, ಡಿಬಗ್, ಜೆನೆಸಿಸ್ ಮೂರನ್ನೂ ಅಂಡರ್‌ಸ್ಕೋರ್ ಹಾಕಿ ಕ್ಯಾಪಿಟಲ್ ಅಕ್ಷರದಲ್ಲಿ ಸೇರಿಸಿ (SANE_DEBUG_GENESYS) 255 ಕೊಡಿ, ಡ್ರೈವರ್ ಏನೇನು ಮಾಡಿತು ಅನ್ನೋ ಲಾಗ್ ಬರುತ್ತದೆ. ಅದೇ ಹೆಸರಿನ ಕೊನೆಗೆ ಇಮೇಜ್ ಅಂತಲೂ ಸೇರಿಸಿ (SANE_DEBUG_GENESYS_IMAGE) 1 ಕೊಟ್ಟರೆ ನಡುವಿನ ಚಿತ್ರಗಳು ಫೈಲ್ ಆಗಿ ಉಳಿಯುತ್ತವೆ. ಆದರೆ ಹಳೇ ಕ್ಯಾಲಿಬ್ರೇಶನ್ ಕ್ಯಾಶ್ (ಹಿಂದಿನ ಲೆಕ್ಕ ಉಳಿಸಿಟ್ಟ ಫೈಲ್) ಇದ್ದರೆ ಡ್ರೈವರ್ ಪಟ್ಟಿಯನ್ನು ಮತ್ತೆ ಓದುವುದಿಲ್ಲ. ಹೋಮ್ ಫೋಲ್ಡರಿನ ಸೇನ್ ಡೈರೆಕ್ಟರಿಯಲ್ಲಿರುವ (.sane) ಕ್ಯಾಲ್ ಫೈಲ್ (.cal) ತೆಗೆದುಹಾಕಿ, ಇಲ್ಲವೇ ಆ ಕ್ಯಾಶ್ ಎಷ್ಟು ಹೊತ್ತು ನಡೆಯುತ್ತದೆ ಅನ್ನೋ ಎಕ್ಸ್‌ಪಿರೇಶನ್ ಟೈಮ್ ಆಯ್ಕೆಯನ್ನು 0 ಮಾಡಿ.

ನಾನು ವೈಟ್ ಶೇಡಿಂಗ್ ಚಿತ್ರವನ್ನು (ಬಿಳಿ ಪಟ್ಟಿ ಓದಿದಾಗಿನ ಚಿತ್ರ) ಗಿಂಪ್ ಅನ್ನೋ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು ಹಿಗ್ಗಿಸಿದಾಗ, ಬೆಳ್ಳಗಿನ ಪಟ್ಟಿಯ ನಡುವೆ ಮೂರು ಪಿಕ್ಸೆಲ್ ಅಗಲದ ಬೂದು ಗೀರು ಕಂಡಿತು. ಪುಟದ ಬಿಳಿ ಗೆರೆಯೂ ಸರಿಯಾಗಿ ಅದೇ ಜಾಗದಲ್ಲಿ. ಸ್ಕ್ಯಾನರ್ ಬಿಚ್ಚಿ, ಗಾಜಿನ ಒಳಗಿನ ಪಟ್ಟಿಯನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಗೆರೆ ಹೋಯಿತು.

ನಿಮ್ಮದು ಜೋಡಿ ಗೆರೆಯಾದರೆ ಸೇನ್‌ನ ಕೋಡ್ ಇರುವ ಗಿಟ್‌ಲ್ಯಾಬ್ ತಾಣದಲ್ಲಿ ಬಗ್ (ದೋಷದ ವರದಿ) ಹಾಕಿ. ಲಾಗ್ ಜೊತೆ ಕಪ್ಪು, ಬಿಳಿ ಎರಡೂ ಶೇಡಿಂಗ್ ಚಿತ್ರ ಇರಲಿ. 300 ಮತ್ತು 600 ಡಿಪಿಐ ಎರಡರಲ್ಲೂ ಸರಿತ ಎಷ್ಟು ಪಿಕ್ಸೆಲ್ ಅಂತ ಬರೆಯೋದನ್ನು ಮರೀಬೇಡಿ.